ಅವನು ಬಂದ

ಕ್ಯಾಮೆರಾ ಇಟ್ಟಿರುವುದು ನನ್ನ ಕೋಣೆಯ ಕಿಟಕಿಯ ಮೇಲೆ. ಹೊರಗೆ ಕಾಣುತ್ತಿರುವುದು ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯ ಒಂದು ಕಾಫಿ ತೋಟ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಜುಲೈ ತಿಂಗಳು, ನಾಲ್ಕು ದಿನಗಳಿಂದ ಮಳೆ ಬಿಟ್ಟಿಲ್ಲ. ತೋಟ ನಮ್ಮದಲ್ಲ, ಅಪ್ಪ ಇಲ್ಲಿ ಇಪ್ಪತ್ತಾರು ವರ್ಷ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡುವ ಗುಮಾಸ್ತ, ಆಗಿದ್ದರು.

ಇದು ನನ್ನ ಗಿಟಾರು. ಮಳೆಗಾಲದಲ್ಲಿ ಇದಕ್ಕೆ ಬಾಣಂತಿಯ ಆರೈಕೆ ಬೇಕು. ಥಂಡಿಗೆ ಮರ ಉಬ್ಬುತ್ತದೆ, ತಂತಿಗಳು ಮೇಲೆದ್ದು ಬೆರಳಿಗೆ ಭಾರವಾಗುತ್ತವೆ, ಮೂರೇ ವಾರಕ್ಕೆ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುತ್ತೇನೆ. ಇದರ ಹಿಂಬದಿ ಬೀಟೆ ಮರದ್ದು. ಮೊದಲ ಸಲ ಇದನ್ನು ಮನೆಗೆ ತಂದಾಗ ಅಪ್ಪ ತಂತಿ ಮುಟ್ಟಲೇ ಇಲ್ಲ. ಬೋರಲು ಹಾಕಿ, ಬೆನ್ನು ಸವರಿ, ‘ಬೀಟೆ’ ಎಂದರು. ಅಷ್ಟೇ. ನಮ್ಮ ಕಡೆಯ ತೋಟಗಳಲ್ಲಿ ನೆರಳಿಗೆ ನಿಂತ ಮರವೇ ಗಿಟಾರಾಗಿ ಬಂದಿದೆ ಎಂಬುದು ಅವರಿಗೆ ಸಾಕಾಗಿತ್ತು.

ನಾನು ಗೇ. ಹಾಡು ಬರೆದು, ರಾಗ ಹಾಕಿ, ಗಿಟಾರ್ ನುಡಿಸುತ್ತಾ ನಾನೇ ಹಾಡುತ್ತೇನೆ. ಪತ್ರಿಕೆಗಳಲ್ಲಿ ಬರುವ ‘ಸಲಿಂಗಕಾಮಿ’ ಎಂಬ ಪದವನ್ನು ನಾನು ನನಗೆ ಬಳಸಿಕೊಳ್ಳುವುದಿಲ್ಲ. ಅದರಲ್ಲಿ ಕಾಮ ಮಾತ್ರ ಇದೆ. ಜ್ವರ ಬಂದ ರಾತ್ರಿ ಗಂಜಿ ಕಾಯಿಸಿ ಕೊಟ್ಟವನ ಮೇಲೆ ಹುಟ್ಟಿದ್ದಕ್ಕೆ ಪ್ರೀತಿ ಎಂದೇ ಹೆಸರು.

ಈ ವಿಡಿಯೊದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಒಂದು ಸಾಲಿನ ಕಥೆ.

ಕನ್ನಡದಲ್ಲಿ ‘ನೀನು’ ಎಂದರೆ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ‘ನೀನು ಬಂದೆ, ನೀನು ನಕ್ಕೆ, ನೀನು ಹೋದೆ.’ ಯಾರು ಎಂದು ಯಾರೂ ಕೇಳುವುದಿಲ್ಲ. ಆದರೆ ಎದುರಿಲ್ಲದವರ ಬಗ್ಗೆ ಹೇಳಹೊರಟರೆ ನಮ್ಮ ಭಾಷೆ ಬಿಡುವುದಿಲ್ಲ. ಬಂದನೋ, ಬಂದಳೋ? ಕ್ರಿಯಾಪದದ ಕೊನೆಯಲ್ಲಿ ಗುಟ್ಟು ಹೊರಬೀಳುತ್ತದೆ. ಅದಕ್ಕೇ ನಾನು ಹತ್ತು ವರ್ಷ ಬರೆದ ಹಾಡುಗಳಲ್ಲೆಲ್ಲ ‘ನೀನು’ ಮಾತ್ರ ಇದ್ದ. ಮನೆಯಲ್ಲಿ ಅವನ ಮಾತು ಬಂದರೆ ಗೌರವದ ‘ಅವರು’: ‘ಅವರು ಫೋನ್ ಮಾಡಿದ್ದರು’, ‘ಅವರು ಊರಿಗೆ ಹೋದರು’. ಅಮ್ಮ ಅದನ್ನು ನನ್ನ ಮೇಲಧಿಕಾರಿ ಎಂದುಕೊಂಡಿದ್ದರು.

ಇಂಗ್ಲಿಷಿನಲ್ಲಿ ಬರೆದವರೂ ಹೀಗೆ ಅಡಗಿಕೊಂಡಿದ್ದರೆಂದು ತಿಳಿದದ್ದು ತಡವಾಗಿ. ಅಮೆರಿಕದ ರಾಕ್ ತಂಡ ಹಸ್ಕರ್ ಡೂನ ಬಾಬ್ ಮೌಲ್ಡ್, ಗಿಟಾರಿನ ಅಬ್ಬರಕ್ಕೆ ಹೆಸರಾದವರು, ತಮ್ಮ ಹಾಡುಗಳಲ್ಲಿ ಗಂಡು ಹೆಣ್ಣು ಎಂಬ ಸುಳಿವೇ ಸಿಗದಂತೆ ಬರೆಯುತ್ತಿದ್ದರು. ಅವರು ಗೇ ಎಂಬುದು ಲೋಕಕ್ಕೆಲ್ಲ ತಿಳಿದದ್ದು 1994ರಲ್ಲಿ. ಬ್ರಿಟನ್ನಿನ ಹೆವಿ ಮೆಟಲ್ ತಂಡ ಜೂಡಸ್ ಪ್ರೀಸ್ಟ್‌ನ ಗಾಯಕ ರಾಬ್ ಹಾಲ್‌ಫೋರ್ಡ್ ಟಿವಿ ಸಂದರ್ಶನದಲ್ಲಿ ತಾವೇ ಹೇಳಿಕೊಂಡದ್ದು 1998ರಲ್ಲಿ. ಇವರ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಜೋರಾಗಿ ನುಡಿಸುವವರೂ, ಹಾಡುವವರೂ ಒಂದು ಸರ್ವನಾಮಕ್ಕೆ ಹೆದರಿದ್ದರು.

2018ರ ಸೆಪ್ಟೆಂಬರ್ 6, ಗುರುವಾರ. ನಮ್ಮಂಥವರನ್ನು ಅಪರಾಧಿಗಳೆನ್ನುತ್ತಿದ್ದ 377ನೇ ಕಲಂ ಕುರಿತು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದಿನ. ವಯಸ್ಕರಿಬ್ಬರು ಒಪ್ಪಿ ಪ್ರೀತಿಸಿದರೆ ಅದು ಅಪರಾಧವಲ್ಲ ಎಂದಿತು. ಮುಂದಿನ ಗುರುವಾರವೇ ಗಣೇಶ ಚತುರ್ಥಿ. ಆಗ ನಾನು ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದೆ. ಪೆಂಡಾಲಿನ ಹಿಂದೆ, ಜನರೇಟರ್ ಸದ್ದಿನಲ್ಲಿ, ಕೀಬೋರ್ಡ್ ನುಡಿಸುವ ಅಣ್ಣನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟ್ಯೂನ್ ಮಾಡಿಕೊಂಡೆಯಾ? ಎರಡನೇ ತಂತಿ ಇಳಿದಿತ್ತು’ ಎಂದರು. ಅದಕ್ಕಿಂತ ದೊಡ್ಡ ಒಪ್ಪಿಗೆ ಆ ದಿನ ನನಗೆ ಬೇಕಿರಲಿಲ್ಲ.

ಅಮ್ಮನಿಗೆ ಹೇಳಿದ್ದು ಮರು ವರ್ಷ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ಅವರದೂ ಹೌದು.

ಈಗ ಆ ಸಾಲು. ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ನಮ್ಮ ಹೂಮಳೆ, ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಒಂದೇ ಸಲ ಬೆಳ್ಳಗಾಗುತ್ತದಲ್ಲ, ಆ ಹೊತ್ತಿನ ಹಾಡು. ಮೊದಲು ಹೀಗಿತ್ತು:

ತೋಟ ಬೆಳ್ಳಗಾದ ರಾತ್ರಿ ನೀನು ಬಂದೆ,
ಅಂಗಿಯೆಲ್ಲ ಕಾಫಿ ಹೂವ ಹಸಿಯ ಗಂಧ.

‘ಬಂದೆ’, ‘ಗಂಧ’. ಪ್ರಾಸ ಕೂರುತ್ತಿರಲಿಲ್ಲ. ಎರಡು ವರ್ಷ ಅದನ್ನು ತಿದ್ದಿದೆ. ಗಂಧ ತೆಗೆದು ಬೇರೆ ಪದ ಹಾಕಿದರೆ ಹೂವೇ ಹೋಗುತ್ತಿತ್ತು. ಒಂದು ಸಂಜೆ ಕರೆಂಟ್ ಹೋಗಿ, ಕತ್ತಲಲ್ಲಿ ಸುಮ್ಮನೆ ನುಡಿಸುತ್ತಿದ್ದಾಗ ಬಾಯಿ ತಾನಾಗಿ ‘ಅವನು ಬಂದ’ ಎಂದಿತು. ನೀನು, ಮೂರು ಮಾತ್ರೆ. ಅವನು, ಅದೂ ಮೂರು ಮಾತ್ರೆ. ರಾಗ ಕದಲಲಿಲ್ಲ. ‘ನೀ’ ಎಂದು ಎಳೆಯುತ್ತಿದ್ದ ಜಾಗದಲ್ಲಿ ‘ಅ’, ‘ವ’ ಎಂಬ ಎರಡು ಪುಟ್ಟ ಅಕ್ಷರಗಳು ಬಂದು ಕೂತವು. ಬಂದ, ಗಂಧ. ಗಿಟಾರನ್ನು ಎದೆಗೆ ಅವಚಿಕೊಂಡು ಅತ್ತುಬಿಟ್ಟೆ.

ವಾರಾಂತ್ಯಗಳಲ್ಲಿ ನಾನು ಹಾಡುತ್ತಿದ್ದ ಒಂದು ರೆಸಾರ್ಟಿನ ಮ್ಯಾನೇಜರು ಈ ಹಾಡು ಕೇಳಿ, ‘ಚೆನ್ನಾಗಿದೆ ಸರ್, ಆ ಒಂದು ಕಡೆ ಅವಳು ಎಂದು ಮಾಡಿ. ಫ್ಯಾಮಿಲಿಯವರು ಬರುತ್ತಾರೆ’ ಎಂದರು. ‘ಅವಳು ಬಂದಳು’ ಎಂದರೆ ಒಂದು ಮಾತ್ರೆ ಹೆಚ್ಚಾಗುತ್ತದೆ ಎಂದೆ. ಆಮೇಲೆ ನಿಜವಾದ ಕಾರಣವನ್ನೂ ಹೇಳಿದೆ. ಮುಂದಿನ ಶನಿವಾರದಿಂದ ಕರೆ ಬರಲಿಲ್ಲ. ಅದು ತಿಂಗಳ ಬಾಡಿಗೆಯ ದುಡ್ಡು, ನೋವಾಯಿತು. ಮದುವೆಯ ಆರತಕ್ಷತೆಗಳಿಗೆ ಈಗಲೂ ಹೋಗುತ್ತೇನೆ. ನಮ್ಮಂಥವರ ಮದುವೆಗೆ ಕಾನೂನಿನ ಮನ್ನಣೆ ಕೊಡಲು 2023ರ ಅಕ್ಟೋಬರ್ 17ರಂದು ಕೋರ್ಟ್ ಒಪ್ಪಲಿಲ್ಲ. ಬೇರೆಯವರ ಮದುವೆಯಲ್ಲಿ ಹಾಡುವಾಗ ಅದು ನೆನಪಾಗದೆ ಇರುವುದಿಲ್ಲ. ಆದರೂ ವಧೂವರರಿಗೆ ಮನಸಾರೆ ಹಾಡುತ್ತೇನೆ.

ಶರಣ ಸತಿ, ಲಿಂಗ ಪತಿ ಎಂದ ನಾಡು ಇದು. ಹನ್ನೆರಡನೇ ಶತಮಾನದಲ್ಲಿ ಗಂಡಸರೇ ದೇವರನ್ನು ಗಂಡನೆಂದು ಕರೆದು ಹಾಡಿದರು. ಅದು ಭಕ್ತಿ, ನನ್ನದು ಮನುಷ್ಯನ ಮೇಲಿನ ಪ್ರೀತಿ. ಎರಡನ್ನೂ ಒಂದು ಮಾಡುವುದಿಲ್ಲ. ಗಂಡಿನ ದನಿಯಲ್ಲಿ ಅಂಥ ಹಂಬಲವನ್ನು ಕೇಳಿದ ಕಿವಿ ಈ ಭಾಷೆಗೆ ಮೊದಲೇ ಇದೆ ಎಂಬುದು ನನಗೆ ದೊಡ್ಡ ಧೈರ್ಯ.

ಮೊನ್ನೆ ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಾ ಇದೇ ಹಾಡು ಗುನುಗುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳಿದೆ. ‘ನೀನು ಬಂದೆ’ ಎಂದು ಹಳೆಯ ಅಭ್ಯಾಸದಲ್ಲಿ ಹಾಡಿ, ತಡೆದು, ಮತ್ತೆ ಮೊದಲಿನಿಂದ ಹಿಡಿದು ‘ಅವನು ಬಂದ’ ಎಂದು ತಿದ್ದಿಕೊಂಡರು. ರೊಟ್ಟಿ ಮಗುಚಿದರು.

ಶ್ರುತಿ ಏರಿಸಲು ತಂತಿಗಳನ್ನು ಒತ್ತಿ ಹಿಡಿಯುವ ಕ್ಯಾಪೊ ಎರಡನೇ ಫ್ರೆಟ್‌ನಲ್ಲಿದೆ. ಮಳೆಯ ಸದ್ದನ್ನು ತೆಗೆದಿಲ್ಲ, ಕೇಳಿ.