ಪಂಪ್ ರೂಮಿನ ಕೀಲಿ ಯಾರ ಹತ್ತಿರ ಇದೆ?

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಇತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಹೋದ ಎಪಿಸೋಡಿಗೆ ಒಂದು ಕಾಮೆಂಟ್. "ನಿಮ್ಮ ಬಿಲ್ಡಿಂಗಿನ ಪಂಪ್ ರೂಮಿಗೂ ಹವಾಮಾನ ನೀತಿಗೂ ಏನು ಸಂಬಂಧ ಗುರುಗಳೇ? ದೊಡ್ಡ ವಿಷಯ ಮಾತಾಡಿ." ಅದಕ್ಕೆ ಸಾಲು ಸಾಲು ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಹಾಗಾಗಿ ಆ ಸ್ಕ್ರಿಪ್ಟ್ ಡ್ರಾಯರ್ ಒಳಗೆ ಹೋಯಿತು. ಇವತ್ತು ಪೂರ್ತಿ ಪಂಪ್ ರೂಮ್.

ಹೋದ ಎಪಿಸೋಡ್ ನೋಡದವರಿಗೆ ಚುಟುಕಾಗಿ ಹೇಳುತ್ತೇನೆ. (ನೋಡಿಲ್ಲ ಅಂದರೆ ಸಬ್‌ಸ್ಕ್ರೈಬ್ ಆಗಿಲ್ಲ ಅಂತ ಅರ್ಥ. ಬಟನ್ ಕೆಳಗೇ ಇದೆ, ಕಚ್ಚುವುದಿಲ್ಲ.) ಒಂದು ರಾತ್ರಿ ಜೋರು ಮಳೆ. ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿತು. ಪಂಪ್ ಇತ್ತು, ಹೊಸದು. ಹಾಕಿಸಿದ ದಿನ ಅದರ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡಿದ್ದೆವು. ಇಲ್ಲದೇ ಇದ್ದದ್ದು ರೂಮಿನ ಕೀಲಿ. ವಾಚ್‌ಮನ್ ಅದು ಸೆಕ್ರೆಟರಿ ಹತ್ತಿರ ಇದೆ ಅಂದ. ಸೆಕ್ರೆಟರಿ ಎಲೆಕ್ಟ್ರಿಷಿಯನ್ ಹತ್ತಿರ ಅಂದರು. ಎಲೆಕ್ಟ್ರಿಷಿಯನ್ ನಿದ್ದೆಗಣ್ಣಲ್ಲಿ ಫೋನ್ ಎತ್ತಿ, ವಾಚ್‌ಮನ್ ಕೈಗೇ ಕೊಟ್ಟಿದ್ದೇನಲ್ಲ ಅಂದ. ಬೆಳಗಿನ ಜಾವ ಬೀಗ ಒಡೆದೆವು. ಒಳಗೆ ಪಂಪ್ ಫಳಫಳ ಹೊಳೆಯುತ್ತಿತ್ತು. ನೀರಿನ ಅಡಿಯಲ್ಲಿ.

ಸಂಬಂಧ ಏನು ಅಂತ ಕೇಳಿದಿರಲ್ಲ, ಬನ್ನಿ.

ಹವಾಮಾನ ಬದಲಾವಣೆಗೆ ತಯಾರಾಗುವುದು ಅಂದರೆ ಈಗ ಎಲ್ಲ ದೇಶದಲ್ಲೂ ಒಂದು ಯೋಜನೆ, ಒಂದು ಸಮಿತಿ, ಒಂದು ದಪ್ಪ ಪುಸ್ತಕ. ಮುಖಪುಟದಲ್ಲಿ ಹಸಿರು ಎಲೆ ಇರಲೇಬೇಕು. ನಾನು ಅಂಥವನ್ನು ಓದುತ್ತೇನೆ, ಅದು ನನ್ನ ಚಟ. ಒಳಗೆ "ಸಂಬಂಧಪಟ್ಟ ಇಲಾಖೆಗಳು ಸಮನ್ವಯದಿಂದ ಕ್ರಮ ಕೈಗೊಳ್ಳತಕ್ಕದ್ದು" ಅಂತ ಇರುತ್ತದೆ. ಇದನ್ನು ಕನ್ನಡಕ್ಕೆ ಅನುವಾದ ಮಾಡಿದರೆ "ಕೀಲಿ ಯಾರ ಹತ್ತಿರ ಇದೆಯೋ ನಮಗೂ ಗೊತ್ತಿಲ್ಲ" ಅಂತ ಆಗುತ್ತದೆ. ಹೌದು, ಮೊದಲಿನದೂ ಕನ್ನಡವೇ. ಗೊತ್ತು.

ಸ್ಪೇನಿನ ವೆಲೆನ್ಸಿಯಾ ತೆಗೆದುಕೊಳ್ಳಿ. 2024ರ ಅಕ್ಟೋಬರ್ 29. ಅಲ್ಲಿನ ಹವಾಮಾನ ಇಲಾಖೆ ಭಾರೀ ಮಳೆ ಬರುತ್ತದೆ ಅಂತ ಬೆಳಿಗ್ಗೆಯೇ ರೆಡ್ ಅಲರ್ಟ್ ಕೊಟ್ಟಿತ್ತು. ವಿಜ್ಞಾನಿಗಳು ತಮ್ಮ ಕೆಲಸ ಮುಗಿಸಿದ್ದರು. ಜನರ ಮೊಬೈಲಿಗೆ ಎಚ್ಚರಿಕೆ ಬಂದದ್ದು ಯಾವಾಗ? ರಾತ್ರಿ 8 ಗಂಟೆ 11 ನಿಮಿಷಕ್ಕೆ. ಅಷ್ಟು ಹೊತ್ತಿಗೆ ನೀರು ಬಂದು, ಕಾರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಜನರನ್ನು ಕೊಚ್ಚಿಕೊಂಡು ಹೋಗಿತ್ತು. ಸತ್ತವರು 220ಕ್ಕೂ ಹೆಚ್ಚು. ಆ ಪ್ರಾಂತ್ಯದ ಮುಖ್ಯಸ್ಥರು ಅವತ್ತು ಮಧ್ಯಾಹ್ನ ಹೋಟೆಲಿನಲ್ಲಿ ಗಂಟೆಗಟ್ಟಲೆ ಊಟಕ್ಕೆ ಕೂತಿದ್ದರು. ಆಮೇಲೆ ಪ್ರಾಂತ್ಯದ ಸರ್ಕಾರ ಕೇಂದ್ರದ ಕಡೆ ಬೆರಳು ತೋರಿಸಿತು, ಕೇಂದ್ರ ಪ್ರಾಂತ್ಯದ ಕಡೆ ತೋರಿಸಿತು. ವಾಚ್‌ಮನ್, ಸೆಕ್ರೆಟರಿ, ಎಲೆಕ್ಟ್ರಿಷಿಯನ್!

ಯಂತ್ರ ಇತ್ತು. ಮುನ್ಸೂಚನೆ ಇತ್ತು. ಎಲ್ಲರ ಜೇಬಲ್ಲೂ ಫೋನ್ ಇತ್ತು. ಒತ್ತಬೇಕಾಗಿದ್ದದ್ದು ಒಂದು ಗುಂಡಿ. ಆ ಗುಂಡಿಯ ಮೇಲೆ ಯಾರ ಬೆರಳು ಇರಬೇಕಿತ್ತು?

ಈಗ ಬರುತ್ತಾರೆ ನಮ್ಮ ಅರ್ಥಶಾಸ್ತ್ರಿಗಳು. "ಸರ್, ಮೂಲ ಸಮಸ್ಯೆ ಹಣ." ಗೊತ್ತಪ್ಪ. 2024ರಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ಹವಾಮಾನ ಸಮ್ಮೇಳನ ನಡೆಯಿತು. 2035ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಹೊಂದಿಸುತ್ತೇವೆ ಅಂದರು. ಸಾಲದು ಅಂತ ಬಡ ದೇಶಗಳು ಸಿಟ್ಟಾದವು. ಸಿಟ್ಟಾಗಬೇಕಾದ್ದೇ. ಆದರೆ ಹಣ ಇದ್ದ ಕಡೆ ಏನಾಯಿತು ಅಂತ ಹೇಳಲಾ?

ಲಿಬಿಯಾದ ಡೆರ್ನಾ. ಊರಿನ ಮೇಲ್ಗಡೆ 1970ರ ದಶಕದ ಎರಡು ಅಣೆಕಟ್ಟು. ದುರಸ್ತಿ ಆಗಬೇಕು ಅಂತ ಎಲ್ಲರಿಗೂ ಗೊತ್ತಿತ್ತು. 2012, 2013ರಲ್ಲಿ ಅದಕ್ಕೆ 20 ಲಕ್ಷ ಯೂರೋಗೂ ಜಾಸ್ತಿ ಹಣ ತೆಗೆದಿಟ್ಟರು. ಕೆಲಸ ಆಗಲಿಲ್ಲ. ಆಗಿಲ್ಲ ಅಂತ ಅಲ್ಲಿನ ಲೆಕ್ಕಪರಿಶೋಧಕರೇ 2021ರಲ್ಲಿ ಬರೆದರು. 2022ರಲ್ಲಿ ಒಬ್ಬ ಜಲತಜ್ಞರು ದೊಡ್ಡ ಪ್ರವಾಹ ಬಂದರೆ ಊರು ಉಳಿಯುವುದಿಲ್ಲ ಅಂತ ಎಚ್ಚರಿಸಿದರು. 2023ರ ಸೆಪ್ಟೆಂಬರಿನಲ್ಲಿ ಡೇನಿಯಲ್ ಚಂಡಮಾರುತ ಬಂತು. ಒಂದೇ ರಾತ್ರಿ ಎರಡೂ ಅಣೆಕಟ್ಟು ಒಡೆದವು. ಸಾವಿರಾರು ಜನ ಮಲಗಿದ್ದಲ್ಲೇ ಸಮುದ್ರ ಸೇರಿದರು.

"ಅಲ್ಲಿ ಅಂತರ್ಯುದ್ಧ ಇತ್ತು, ಎರಡೆರಡು ಸರ್ಕಾರ ಇದ್ದವು" ಅನ್ನುತ್ತೀರಿ. ಸರಿ. ಎರಡು ಸರ್ಕಾರ, ಎರಡು ಅಣೆಕಟ್ಟು. ತಲೆಗೊಂದರಂತೆ ಹಂಚಿಕೊಂಡಿದ್ದರೂ ಆಗುತ್ತಿತ್ತು. 2024ರಲ್ಲಿ ಅಲ್ಲಿನ ಕೋರ್ಟ್ 12 ಅಧಿಕಾರಿಗಳನ್ನು ಜೈಲಿಗೆ ಕಳಿಸಿತು. ಗಮನಿಸಿ, ಶಿಕ್ಷೆ ಕೊಡುವಾಗ 12 ಹೆಸರು ಸಿಕ್ಕಿದವು. ದುರಸ್ತಿ ಮಾಡುವಾಗ ಒಂದೂ ಸಿಕ್ಕಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ನನ್ನ ಪ್ರಶ್ನೆ ಇಷ್ಟೇ, ಆ ಕೋಟೆ ಬಾಗಿಲಿನ ಕೀಲಿ ಯಾರ ಹತ್ತಿರ ಇತ್ತು?

ಸ್ವಲ್ಪ ನೀರು ಕುಡಿಯುತ್ತೇನೆ. ಅಂದಹಾಗೆ "ಕೀಲಿ ಯಾರ ಹತ್ತಿರ?" ಅಂತ ಟೀ ಶರ್ಟ್ ಮಾಡಿಸುವ ಯೋಚನೆ ಇದೆ. 50 ಜನ ಬೇಕು ಅಂದರೆ ಮಾಡಿಸುತ್ತೇನೆ. ಇಲ್ಲಿಯವರೆಗೆ ಇಬ್ಬರು. ಅದರಲ್ಲಿ ಒಬ್ಬ ನಾನೇ.

ಎಲ್ಲಿದ್ದೆ? ಹಾಂ, ಪಂಪು. ಅಮೆರಿಕದ ನ್ಯೂ ಆರ್ಲಿಯನ್ಸ್. 2005ರಲ್ಲಿ ಕತ್ರಿನಾ ಚಂಡಮಾರುತ ಬಂದು ಊರು ಮುಳುಗಿ, ಜಗತ್ತೆಲ್ಲ ನೋಡಿದ ಊರು. ಆಮೇಲೆ ಒಡ್ಡುಗಳಿಗೆ ನೂರಾರು ಕೋಟಿ ಡಾಲರ್ ಸುರಿದರು. 2017ರ ಆಗಸ್ಟಿನಲ್ಲಿ ಚಂಡಮಾರುತ ಕೂಡ ಅಲ್ಲ, ಬರೀ ಜೋರು ಮಳೆ. ರಸ್ತೆಗಳು ಮುಳುಗಿದವು. ನೀರು ಹೊರಹಾಕುವ ಎಲ್ಲ ಪಂಪ್ ಚೆನ್ನಾಗಿ ಓಡುತ್ತಿವೆ ಅಂತ ಅಧಿಕಾರಿಗಳು ಮೊದಲು ಹೇಳಿದರು. ಕೆಲವೇ ದಿನಕ್ಕೆ, ಇಲ್ಲ, ಹಲವು ಪಂಪ್ ಕೆಟ್ಟು ನಿಂತಿದ್ದವು ಅಂತ ಒಪ್ಪಿಕೊಂಡರು. ಏನು ಸಂಬಂಧ ಗುರುಗಳೇ? ಇದೇ ಸಂಬಂಧ!

ಕೀಲಿ ಇಟ್ಟುಕೊಂಡವರ ಕಥೆಯೂ ಇದೆ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಹತ್ತಿರ ಸಮುದ್ರದ ನೀರು ತಡೆಯಲು ಮಾಸ್ಲಾಂಟ್ ಅಂತ ಒಂದು ರಾಕ್ಷಸ ಗೇಟ್ ಇದೆ. ಎರಡು ಬಾಗಿಲು, ಒಂದೊಂದೂ 210 ಮೀಟರ್ ಉದ್ದ. 1997ರಿಂದ ಈಚೆಗೆ ನಿಜವಾದ ಬಿರುಗಾಳಿಗೆ ಅಂತ ಅದನ್ನು ಮುಚ್ಚಿದ್ದು ಬೆರಳೆಣಿಕೆಯಷ್ಟು ಸಲ. ಆದರೆ ಪ್ರತಿ ವರ್ಷ, ಬಿರುಗಾಳಿ ಬರಲಿ ಬಿಡಲಿ, ಒಮ್ಮೆ ಮುಚ್ಚಿ ತೆರೆದು ನೋಡುತ್ತಾರೆ. ಜನ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡುತ್ತಾರೆ. ಗೇಟ್ ಮುಚ್ಚುವುದೇ ಅಲ್ಲಿ ಜಾತ್ರೆ! ನಮ್ಮ ಜಾತ್ರೆ ರಿಬ್ಬನ್ ಕತ್ತರಿಸುವಲ್ಲಿಗೆ ಮುಗಿಯುತ್ತದೆ. ಗ್ರೀಸ್ ಹಚ್ಚಿದ ದಿನ ಯಾವ ಮಂತ್ರಿಯೂ ಭಾಷಣ ಮಾಡಿದ್ದು ನಾನು ನೋಡಿಲ್ಲ.

"ಅವರು ಶ್ರೀಮಂತರು ಸರ್." ಈ ಮಾತಿಗೇ ಕಾಯುತ್ತಿದ್ದೆ. ಬಾಂಗ್ಲಾದೇಶ ಶ್ರೀಮಂತವಾ? 1970ರ ಚಂಡಮಾರುತದಲ್ಲಿ ಅಲ್ಲಿ ಕಡಿಮೆ ಎಂದರೂ 3 ಲಕ್ಷ ಜನ ಸತ್ತರು. ಆಮೇಲೆ ಅವರು ಕರಾವಳಿಯ ಉದ್ದಕ್ಕೂ ಸ್ವಯಂಸೇವಕರ ಪಡೆ ಕಟ್ಟಿದರು. ಇವತ್ತು 70,000ಕ್ಕೂ ಹೆಚ್ಚು ಜನ ಇದ್ದಾರೆ. ತಂಡದಲ್ಲಿ ಎಚ್ಚರಿಕೆ ಕೂಗುವವರು ಯಾರು, ಆಸರೆ ಮನೆ ನೋಡಿಕೊಳ್ಳುವವರು ಯಾರು, ಗಾಯ ಆದವರನ್ನು ನೋಡುವವರು ಯಾರು ಅಂತ ಮೊದಲೇ ಹಂಚಿಕೆ ಆಗಿರುತ್ತದೆ. ಅವರ ಕೈಯಲ್ಲಿ ಇರುವುದು ಬಾವುಟ, ಸೈರನ್, ಮೆಗಾಫೋನ್. ಸ್ಯಾಟಲೈಟ್ ಅಲ್ಲ. 2020ರಲ್ಲಿ ಅಂಫಾನ್ ಚಂಡಮಾರುತ ಬಂದಾಗ 20 ಲಕ್ಷಕ್ಕೂ ಹೆಚ್ಚು ಜನರನ್ನು ಸರಿಸಿದರು, ಅದೂ ಕೊರೋನಾ ಕಾಲದಲ್ಲಿ. ಸತ್ತವರ ಸಂಖ್ಯೆ ಅಲ್ಲಿ ಮೂರಂಕಿ ಮುಟ್ಟಲಿಲ್ಲ.

ಫ್ರಾನ್ಸ್ ಶ್ರೀಮಂತ ದೇಶ ಅಲ್ವಾ? 2003ರ ಆಗಸ್ಟಿನ ಬಿಸಿಲಿಗೆ ಅಲ್ಲಿ ಸುಮಾರು 15,000 ಜನ ಸತ್ತರು. ಬಹಳಷ್ಟು ಮಂದಿ ಒಂಟಿ ಮುದುಕರು, ಮುದುಕಿಯರು. ರಜೆಯ ತಿಂಗಳು, ಊರಲ್ಲಿ ಯಾರೂ ಇರಲಿಲ್ಲ. ಅಂಥವರ ಪಟ್ಟಿ ಇಟ್ಟುಕೊಳ್ಳಬೇಕು, ಬಿಸಿಲು ಏರಿದಾಗ ವಿಚಾರಿಸಬೇಕು ಅಂತ ಮೇಯರ್‌ಗಳಿಗೆ ಹೊಣೆ ಕೊಟ್ಟದ್ದು ಆಮೇಲೆ. ಒಂದು ಪಟ್ಟಿ ಸ್ವಾಮಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು.

ಒಬ್ಬರು ಬರೆದಿದ್ದಾರೆ: "ಒಬ್ಬ ಅಧಿಕಾರಿಯ ತಲೆಗೆ ಕಟ್ಟಿದರೆ ಆಯಿತಾ? ವ್ಯವಸ್ಥೆ ಬದಲಾಗಬೇಕು." ವ್ಯವಸ್ಥೆ! ಈ ವ್ಯವಸ್ಥೆ ಅನ್ನುವ ಮಹಾನುಭಾವರನ್ನು ನಾನು ಒಮ್ಮೆಯೂ ಭೇಟಿ ಮಾಡಿಲ್ಲ. ಎಲ್ಲಿರುತ್ತಾರೆ? ಎಷ್ಟು ಗಂಟೆಗೆ ಆಫೀಸಿಗೆ ಬರುತ್ತಾರೆ? ಮಳೆ ಬಂದ ರಾತ್ರಿ ಫೋನ್ ಎತ್ತುತ್ತಾರಾ? ಇನ್ನೊಬ್ಬರು, ಹೊಗೆ ಕಡಿಮೆ ಮಾಡುವುದು ಮೊದಲು, ಇದೆಲ್ಲ ಆಮೇಲೆ ಅಂದಿದ್ದಾರೆ. ಹೊಗೆ ಕಡಿಮೆ ಮಾಡಬೇಕು, ಯಾರು ಬೇಡ ಅಂದರು? ಅದು ಬೇರೆ ಎಪಿಸೋಡ್. ಮೆಂಬರ್‌ಗಳಿಗೆ ಒಂದು ದಿನ ಮೊದಲೇ ಸಿಗುತ್ತದೆ.

ನಾನು ಕೇಳುತ್ತಿರುವುದು ತುಂಬಾ ಚಿಕ್ಕದು. ಯೋಜನೆಯ ಮೊದಲ ಪುಟದಲ್ಲಿ, ಹಸಿರು ಎಲೆ ತೆಗೆದು ಅದೇ ಜಾಗದಲ್ಲಿ, ಎರಡೇ ಸಾಲು. ಕೀಲಿ ಯಾರ ಹತ್ತಿರ. ಕೊನೆಯ ಸಲ ಬೀಗ ತೆಗೆದು ನೋಡಿದ್ದು ಯಾವತ್ತು. ಉಳಿದ ಪುಟಗಳಲ್ಲಿ ಏನು ಬೇಕಾದರೂ ಬರೆದುಕೊಳ್ಳಿ, ಕವನ ಬರೆಯಿರಿ.

ಇದಕ್ಕೆ ಇನ್ನೂ ಮೂರು ಕಾರಣ ಗುರುತು ಹಾಕಿಕೊಂಡಿದ್ದೆ. ನನ್ನ ಅಕ್ಷರ ನನಗೇ ಓದಲು ಆಗುತ್ತಿಲ್ಲ. ಎರಡನೆಯದು "ಜಲ" ಅಂತಿದೆಯೋ "ಜನ" ಅಂತಿದೆಯೋ. ಬಿಡಿ. ಕಾರಣ ಯಾಕೆ ಬೇಕು? ಗೇಟ್ ಇದೆ, ಬೀಗ ಇದೆ, ನೀರು ಬರುತ್ತಿದೆ. ಕೀಲಿ ಯಾರ ಹತ್ತಿರ ಇದೆ? ಕೀಲಿ! ನೋಡಿ, ಮೈಕ್ ಒಡೆಯುತ್ತಿದೆ, ಎಡಿಟ್ ಮಾಡುವ ಹುಡುಗ ಕೈ ಸನ್ನೆ ಮಾಡುತ್ತಿದ್ದಾನೆ.

ಸರಿ, ಕೂಗುವುದಿಲ್ಲ. ಆ ಕಾಮೆಂಟ್ ಹಾಕಿದ ಗುರುಗಳೇ, ನಿಮಗೊಂದು ಮನೆಪಾಠ. ನೀವಿರುವ ಬಿಲ್ಡಿಂಗಿನಲ್ಲಿ ಪಂಪೋ, ಜನರೇಟರೋ, ಬೆಂಕಿ ಆರಿಸುವ ಸಿಲಿಂಡರೋ ಏನೋ ಒಂದು ಇದ್ದೇ ಇರುತ್ತದೆ. ಇವತ್ತು ರಾತ್ರಿ ಕೆಳಗೆ ಇಳಿದು ಅದರ ಕೀಲಿ ಕೇಳಿ. ಎಷ್ಟು ಜನರ ಹೆಸರು ಹೇಳಿದರು ಅಂತ ಕೆಳಗೆ ಬರೆಯಿರಿ. ಮೂರು ದಾಟಿದರೆ ಟೀ ಶರ್ಟ್ ನನ್ನ ಕಡೆಯಿಂದ.