ಕೀಲು ನೋವಿದ್ದವರು ಗಾದಿ ಕೊಳ್ಳುವ ಮುಂಚೆ

(ರಾಯಚೂರಿನಲ್ಲಿ ಹಿರಿಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ನಾನು ಫಿಸಿಯೋಥೆರಪಿ ಮಾಡುವವಳು. ನನ್ನ ಹತ್ತಿರ ಬರುವವರಲ್ಲಿ ಮೈಮುರಿದು ದುಡಿದವರೇ ಜಾಸ್ತಿ. ಸಿಂಧನೂರು, ಮಾನ್ವಿ ಕಡೆ ಕೆಸರಲ್ಲಿ ಬಗ್ಗಿ ಭತ್ತ ನಾಟಿ ಮಾಡಿದ ಅವ್ವಂದಿರು, ಹತ್ತಿ ಬಿಡಿಸಿದವರು, ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಮೊಣಕಾಲು ನೋವು ಎಂದು ಬರುತ್ತಾರೆ. ಸ್ವಲ್ಪ ಮಾತಾಡಿಸಿದರೆ, ರಾತ್ರಿ ನಿದ್ದೆ ಇಲ್ಲ, ಯಾವ ಮಗ್ಗಲಿಗೆ ಹೊರಳಿದರೂ ನೋವು ಎನ್ನುತ್ತಾರೆ.

ನೋವಿದ್ದರೆ ನಿದ್ದೆ ಕೆಡುತ್ತದೆ, ಇದು ಎಲ್ಲರಿಗೂ ಗೊತ್ತು. ನಿದ್ದೆ ಕೆಟ್ಟರೆ ನೋವು ತಡೆಯುವ ಶಕ್ತಿಯೂ ಕಡಿಮೆಯಾಗುತ್ತದೆ. ನಿನ್ನೆ ಅಷ್ಟೇನೂ ಅನಿಸದ ಮೊಣಕಾಲು ಇವತ್ತು ಚುಚ್ಚುವುದಕ್ಕೆ ನಿದ್ದೆಗೆಟ್ಟ ರಾತ್ರಿಯೂ ಕಾರಣ ಇರಬಹುದು. ಅದಕ್ಕೇ ಮಲಗುವ ಜಾಗದ ಬಗ್ಗೆ ಇಷ್ಟು ಹೊತ್ತು ಮಾತಾಡಲು ಬಂದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾದಿ ಸಂಧಿವಾತವನ್ನು ವಾಸಿ ಮಾಡುವುದಿಲ್ಲ. ಸವೆದ ಕೀಲು ಯಾವ ಗಾದಿಯಿಂದಲೂ ಮತ್ತೆ ಬೆಳೆಯುವುದಿಲ್ಲ. ಕೀಲಿನ ಮೇಲೆ ರಾತ್ರಿಯಿಡೀ ಬೀಳುವ ಒತ್ತಡವನ್ನು ಕಡಿಮೆ ಮಾಡಬಹುದು, ಅಷ್ಟೆ. ಆದರೆ ಆ ಅಷ್ಟೇ ಬಹಳ ದೊಡ್ಡದು.

ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಟೊಂಕ ನೋವೇ, ಮೊಣಕಾಲು ನೋವೇ, ನೆಲದ ಮೇಲೆ ಮಲಗು, ಇಲ್ಲ ಹಲಗೆ ಹಾಕಿಕೊಂಡು ಮಲಗು ಎನ್ನುತ್ತಾರೆ. ಹಿಂದೆ ಡಾಕ್ಟರರೂ ಹಾಗೇ ಹೇಳುತ್ತಿದ್ದರು. 2003ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂತು. ಬಹಳ ದಿನಗಳಿಂದ ಟೊಂಕ ನೋವಿದ್ದ 313 ಜನರಿಗೆ ಹೊಸ ಗಾದಿ ಕೊಟ್ಟರು. ಕೆಲವರಿಗೆ ಪೂರಾ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ. ಯಾರಿಗೆ ಯಾವುದು ಸಿಕ್ಕಿದೆ ಎಂದು ಮಲಗುವವರಿಗೆ ತಿಳಿಸಲಿಲ್ಲ. 90 ದಿನ ಆದ ಮೇಲೆ ನೋಡಿದರೆ, ಮಧ್ಯಮ ಗಾದಿಯಲ್ಲಿ ಮಲಗಿದವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. ಇದು ಟೊಂಕ ನೋವಿನ ಅಧ್ಯಯನ, ಸಂಧಿವಾತದ್ದಲ್ಲ, ನಿಜ. ಆದರೂ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನು ಅದು ಅಲ್ಲಾಡಿಸಿತು. ನಾನು ದಿನಾ ನೋಡುವುದಕ್ಕೂ ಅದು ಹೊಂದುತ್ತದೆ.

ಯಾಕೆ ಹಾಗೆ? ನೀವು ಮಗ್ಗಲಾಗಿ ಮಲಗಿದಾಗ ಮೈಭಾರವೆಲ್ಲ ಎರಡು ಕಡೆ ಬೀಳುತ್ತದೆ, ಹೆಗಲು ಮತ್ತು ಚಪ್ಪೆ. ಗಾದಿ ಕಲ್ಲಿನಂತಿದ್ದರೆ ಆ ಎರಡೂ ಕಡೆ ಒತ್ತುತ್ತದೆ, ಟೊಂಕ ಮಾತ್ರ ಆಸರೆ ಇಲ್ಲದೆ ನಿಲ್ಲುತ್ತದೆ. ಗಾದಿ ತೀರಾ ಮೆತ್ತಗಿದ್ದರೆ ಚಪ್ಪೆ ಒಳಗೆ ಮುಳುಗುತ್ತದೆ, ಬೆನ್ನು ಬಾಗುತ್ತದೆ. ಇನ್ನೊಂದು ತೊಂದರೆ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಮೆತ್ತನೆ ಗಾದಿಯಲ್ಲಿ ಹೊರಳುವುದೇ ಒಂದು ಕೆಲಸ. ಮೊಣಕಾಲು, ಮುಂಗೈ ನೋಯುವವರು ಪ್ರತಿ ಸಲ ಹೊರಳಲು ಅದೇ ನೋಯುವ ಕೀಲನ್ನು ಊರಬೇಕಾಗುತ್ತದೆ. ಎಚ್ಚರವಾಗದೆ ಇರುತ್ತದೆಯೇ?

ಮೈತೂಕವನ್ನೂ ನೋಡಬೇಕು. ಸಣಕಲು ಮೈಯವರಿಗೆ ಗಟ್ಟಿ ಎನಿಸುವ ಗಾದಿ, ದಪ್ಪ ಇದ್ದವರಿಗೆ ಸರಿಯಾಗಿರುತ್ತದೆ. ಯಜಮಾನರು ದಪ್ಪ, ಅಮ್ಮಾವರು ಸಣ್ಣ ಇದ್ದರೆ ಒಂದೇ ದೊಡ್ಡ ಗಾದಿಯ ಬದಲು ಎರಡು ಸಿಂಗಲ್ ಗಾದಿ ಜೋಡಿಸಿ ಹಾಕಿಕೊಳ್ಳಿ. ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರವಾಗುವುದೂ ತಪ್ಪುತ್ತದೆ.

ಈಗ ಯಾವ ಗಾದಿ ಎಂಬ ಮಾತು. ರಾಯಚೂರು ಹತ್ತಿಯ ಊರು, ಹತ್ತಿ ಗಾದಿಯನ್ನು ಹಳೇ ಕಾಲದ್ದು ಎಂದು ಬಿಸಾಡಬೇಡಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಗೋಡೆ ಬಿಸಿ ಕಾರುತ್ತದೆ. ಆ ಸೆಕೆಯಲ್ಲಿ ಹತ್ತಿಯಷ್ಟು ಗಾಳಿಯಾಡುವ ವಸ್ತು ಕಡಿಮೆ. ಅದರ ದೋಷವೆಂದರೆ ಅರಳೆ ಒತ್ತಿಕೊಂಡು ಗಂಟು ಕಟ್ಟುತ್ತದೆ, ಮಧ್ಯದಲ್ಲಿ ತಗ್ಗು ಬೀಳುತ್ತದೆ. ಅಂಥ ಗಾದಿ ಮೇಲೆ ಮಲಗಿ ಚಪ್ಪೆ ನೋವು ಎನ್ನುವವರು ಎಷ್ಟು ಜನ! ಅರಳೆ ಹಿಂಜಿಸಿ, ಹೊಸದನ್ನು ಸ್ವಲ್ಪ ಸೇರಿಸಿ, ಮತ್ತೆ ತುಂಬಿಸಿ ಹೊಲಿಸಿ. ತಿಂಗಳಿಗೆ ಒಂದೆರಡು ಸಲ ಬಿಸಿಲಿಗೆ ಹಾಕಿ, ತಲೆ ಕಡೆ, ಕಾಲ ಕಡೆ ತಿರುಗಿಸುತ್ತಿರಿ.

ಮೆಮೊರಿ ಫೋಮ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದು 1960ರ ದಶಕದಲ್ಲಿ ಅಮೆರಿಕದ ನಾಸಾಗಾಗಿ, ವಿಮಾನದ ಸೀಟಿಗೆಂದು ಹುಟ್ಟಿದ ವಸ್ತು. ಮೈಬಿಸಿಗೆ ಮೆತ್ತಗಾಗಿ ಮೈಯಾಕಾರಕ್ಕೆ ಹೊಂದುತ್ತದೆ, ಹೆಗಲು-ಚಪ್ಪೆಗೆ ಒತ್ತಡ ಕಡಿಮೆ ಮಾಡುತ್ತದೆ. ಅದು ನಿಜ. ಆದರೆ ಬಿಸಿಗೆ ಮೆತ್ತಗಾಗುವ ವಸ್ತು ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಹೇಗಿರುತ್ತದೆ, ಯೋಚಿಸಿ. ಬಿಸಿಯನ್ನೂ ಹಿಡಿದಿಡುತ್ತದೆ. ಕರೆಂಟ್ ಹೋಯಿತೆಂದರೆ ಬೆವರಿ ಎದ್ದು ಕೂಡಬೇಕಾಗುತ್ತದೆ. ಏಸಿ ಇಲ್ಲದ ಮನೆಗೆ ಪೂರಾ ಮೆಮೊರಿ ಫೋಮ್ ಗಾದಿಯನ್ನು ನಾನು ಹೇಳುವುದಿಲ್ಲ. ಬೇಕೇ ಬೇಕೆಂದರೆ ಗಟ್ಟಿ ತಳ ಇರುವ, ಮೇಲಿನ ಒಂದೆರಡು ಇಂಚಿನ ಪದರ ಮಾತ್ರ ಆ ಫೋಮ್ ಇರುವ ಗಾದಿ ನೋಡಿ.

ತೆಂಗಿನ ನಾರಿನ ಗಾದಿಗೆ ಗಾಳಿಯಾಡುವುದು ಚೆನ್ನಾಗಿದೆ, ಗಟ್ಟಿಯೂ ಹೌದು. ಬರೀ ನಾರಿನದು ಸಂಧಿವಾತದವರಿಗೆ ಒತ್ತುತ್ತದೆ. ಮೇಲೆ ಒಂದೆರಡು ಇಂಚು ಲೇಟೆಕ್ಸ್ (ಒಂದು ಬಗೆಯ ರಬ್ಬರ್) ಅಥವಾ ಫೋಮ್ ಪದರ ಇದ್ದರೆ ನಮ್ಮ ಹವೆಗೂ ಕೀಲಿಗೂ ಹೊಂದುತ್ತದೆ. ಲೇಟೆಕ್ಸ್ ಚೆನ್ನ, ಬೆಲೆ ಜಾಸ್ತಿ. ಸ್ಪ್ರಿಂಗ್ ಗಾದಿ ಕೊಂಡರೆ ಪ್ರತಿ ಸ್ಪ್ರಿಂಗ್ ಬೇರೆ ಬೇರೆ ಚೀಲದಲ್ಲಿರುವ ಪಾಕೆಟ್ ಸ್ಪ್ರಿಂಗ್ ಕೇಳಿ. ‘ಆರ್ಥೋಪೆಡಿಕ್’ ಎಂದು ದೊಡ್ಡದಾಗಿ ಬರೆದಿದ್ದರೆ ಅದನ್ನು ಡಾಕ್ಟರ ಚೀಟಿ ಎಂದುಕೊಳ್ಳಬೇಡಿ. ಅದು ಮಾರುವವರ ಮಾತು. ಬಹಳ ಸಲ ಅದರರ್ಥ ಗಟ್ಟಿ ಎಂದಷ್ಟೇ.

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿ ಬರಬೇಡಿ, ದಯವಿಟ್ಟು. ಮಲಗುವುದು ಕೈಯಲ್ಲ, ಮೈ. ಚಪ್ಪಲಿ ಬಿಟ್ಟು, ಸಂಕೋಚ ಬಿಟ್ಟು, ಹತ್ತು ಹದಿನೈದು ನಿಮಿಷ ಮಲಗಿ. ಅಂಗಾತ ಮಲಗಿ ಟೊಂಕದ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಗಾದಿ ಗಟ್ಟಿಯಾಯಿತು. ಕೈ ಹೋಗುವುದೇ ಇಲ್ಲವೆಂದರೆ ಮೆತ್ತಗಾಯಿತು. ಆಮೇಲೆ ನೀವು ಮನೆಯಲ್ಲಿ ಯಾವ ಮಗ್ಗಲಿಗೆ ಮಲಗುತ್ತೀರೋ ಆ ಮಗ್ಗಲಿಗೆ ಮಲಗಿ. ಕೊನೆಗೆ ಎದ್ದು ನೋಡಿ. ಮಗ ಕೊಡಿಸುತ್ತಾನೆಂದು ಅವನೊಬ್ಬನನ್ನೇ ಕಳಿಸಬೇಡಿ. ಅವನ ಕೀಲು ನೋಯುತ್ತಿಲ್ಲ.

ಎತ್ತರದ ಬಗ್ಗೆ ನನಗೆ ಬಹಳ ಹೇಳುವುದಿದೆ. ಮೊಣಕಾಲು ಸವೆದವರು ನೆಲದಿಂದ ಏಳುವಾಗ ಪಡುವ ಪಾಡು ನನಗೆ ಗೊತ್ತು. ರಾತ್ರಿ ಎರಡು ಸಲ ಬಚ್ಚಲಿಗೆ ಹೋಗಬೇಕಾದವರು ನೆಲದ ಮೇಲೆ ಮಲಗುವುದು ಒಳ್ಳೆಯದಲ್ಲ. ಮಂಚ ಹಾಕಿಕೊಳ್ಳಿ. ಗಾದಿಯೂ ಸೇರಿ ಎತ್ತರ ನಿಮ್ಮ ಮೊಣಕಾಲಿನಷ್ಟಿರಲಿ, ಒಂದೆರಡು ಇಂಚು ಜಾಸ್ತಿ ಇದ್ದರೂ ಸರಿ. ಅಂಚಿಗೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರಾ ತಾಗಬೇಕು. ತಗ್ಗಿನ ಮಂಚವಿದ್ದರೆ ಬಡಗಿಯಿಂದ ಕಾಲಿಗೆ ಮರದ ಅಡಿಗಟ್ಟು ಹಾಕಿಸಿ. ಎಂಟು ಇಂಚಿನ ಗಾದಿ ತಂದು ಎತ್ತರದ ಮಂಚಕ್ಕೆ ಹಾಕಿದರೆ ಗಿಡ್ಡ ಇದ್ದ ಅವ್ವಂದಿರ ಕಾಲು ಜೋತಾಡುತ್ತವೆ. ಇಳಿಯುವಾಗ ಜಾರುವ ಭಯ. ಅದಕ್ಕೇ ದಪ್ಪ ನೋಡಿ ಗಾದಿ ಕೊಳ್ಳಬೇಡಿ, ಮೊದಲು ಮನೆಯ ಮಂಚ ಅಳೆಯಿರಿ. ಕೂತಾಗ ಅಂಚು ಕುಸಿಯುವ ಗಾದಿಯೂ ಬೇಡ. ಹೊರಸು, ನವಾರು ಮಂಚ ಇದ್ದವರು ಅದನ್ನು ಬಿಗಿ ಮಾಡಿಸಿ. ಜೋಲಿ ಬಿದ್ದ ಹೊರಸಿನ ಮೇಲೆ ಎಂಥ ಗಾದಿ ಹಾಕಿದರೂ ಜೋಲಿಯೇ.

ಏಳುವಾಗ ನೆಟ್ಟಗೆ ಎದ್ದು ಕೂಡಬೇಡಿ. ಮಗ್ಗಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ.

ದಿಂಬು ಇಡುವುದರಲ್ಲಿ ಒಂದು ಎಚ್ಚರ ಬೇಕು. ಮಗ್ಗಲಾಗಿ ಮಲಗುವವರು ಎರಡು ಮೊಣಕಾಲಿನ ನಡುವೆ ದಿಂಬು ಇಟ್ಟುಕೊಂಡರೆ ಚಪ್ಪೆಗೂ ಮೊಣಕಾಲಿಗೂ ಆರಾಮ. ಆದರೆ ಅಂಗಾತ ಮಲಗಿ ಮೊಣಕಾಲಿನ ಕೆಳಗೆ ರಾತ್ರಿಯಿಡೀ, ದಿನಾ ದಿಂಬು ಇಡಬೇಡಿ. ಆ ಹೊತ್ತಿಗೆ ಸುಖ ಅನಿಸುತ್ತದೆ, ನಿಜ. ಮಡಚಿದಂತೆಯೇ ಇದ್ದು ಇದ್ದು ಮೊಣಕಾಲು ಪೂರಾ ಚಾಚಲು ಬಾರದಂತಾಗುತ್ತದೆ. ಅದನ್ನು ಸರಿ ಮಾಡುವುದು ಬಹಳ ಕಷ್ಟ.

ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಮೈ ಬಿಗಿ ಹಿಡಿಯುತ್ತದೆಯೇ? ಎಷ್ಟು ಹೊತ್ತು ಎಂದು ಗಡಿಯಾರ ನೋಡಿ. ಕೀಲು ಸವೆತದಲ್ಲಿ ಆ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಗಂಟೆಗೂ ಜಾಸ್ತಿ ಇದ್ದು, ಎರಡೂ ಕೈ ಬೆರಳಿನ ಗೆಣ್ಣು ಊದಿದ್ದರೆ ಅದು ರುಮಟಾಯ್ಡ್ ಸಂಧಿವಾತ, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ರೋಗ, ಇರಬಹುದು. ಅದಕ್ಕೆ ಬೇರೆ ಔಷಧ ಇದೆ, ಬೇಗ ಶುರು ಮಾಡಿದರೆ ಕೀಲು ಉಳಿಯುತ್ತದೆ. ಗಾದಿ ಬದಲಿಸುತ್ತಾ ದಿನ ಕಳೆಯಬೇಡಿ.

ನಮ್ಮ ಜಿಲ್ಲೆಗೆ ಇನ್ನೂ ಒಂದು ಮಾತು ಸೇರಿಸಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಎಲುಬಿನಲ್ಲಿ ಸೇರಿ ಕೀಲು, ಬೆನ್ನು, ಕುತ್ತಿಗೆ ಬಿಗಿಯುತ್ತವೆ. ನೋಡಲು ಸಂಧಿವಾತದಂತೆಯೇ ಇರುತ್ತದೆ. ಮನೆಯಲ್ಲಿ ಮೂರು ನಾಲ್ಕು ಜನಕ್ಕೆ ಬೆನ್ನು ಬಗ್ಗದಿದ್ದರೆ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇದ್ದರೆ, ಗಾದಿಯ ದುಡ್ಡು ಹಾಗೇ ಇರಲಿ. ಮೊದಲು ನೀರಿನ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ.

ಕೊಳ್ಳುವುದೇ ಆದರೆ, ಹೊಂದದಿದ್ದರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹತ್ತು ವರ್ಷದ ಗ್ಯಾರಂಟಿ ಎಂದರೆ ಹತ್ತು ವರ್ಷದ ಆರಾಮ ಎಂದಲ್ಲ. ಎಷ್ಟು ಇಂಚು ತಗ್ಗು ಬಿದ್ದರೆ ಬದಲಿಸಿಕೊಡುತ್ತಾರೆ ಎಂಬುದನ್ನೂ ಕೇಳಿ. ಹೊಸ ಗಾದಿಗೆ ಮೈ ಒಗ್ಗಲು ಎರಡು ಮೂರು ವಾರ ಬೇಕಾಗುತ್ತದೆ, ಮೊದಲ ರಾತ್ರಿಗೇ ಬೇಸರ ಮಾಡಿಕೊಳ್ಳಬೇಡಿ. ತಿಂಗಳಾದರೂ ನೋವು ಜಾಸ್ತಿಯೇ ಆಗುತ್ತಿದ್ದರೆ ಆ ಗಾದಿ ನಿಮ್ಮದಲ್ಲ, ವಾಪಸ್ ಕೊಡಿ.

ಇನ್ನು ನಿಮ್ಮ ಪ್ರಶ್ನೆ ಕೇಳಿ. ಮೊಣಕಾಲು ನೋಯುವವರು ಎದ್ದು ನಿಲ್ಲಬೇಡಿ, ಮೈಕ್ ನಿಮ್ಮ ಹತ್ತಿರವೇ ಬರುತ್ತದೆ.