ರಾಗಿ ಬಾಯಿ ಬಿಟ್ಟಾಗ

ಕೇಳುಗರೆಲ್ಲರಿಗೂ ನಮಸ್ಕಾರ.

“ಕಥಿ, ಕವಿತಾ ಓದಿದ್ರ ಹೊಟ್ಟಿ ತುಂಬತದೇನ್ರಿ?” ನಮ್ಮ ಹಾವೇರಿ ಸೀಮೆಯ ತಂದೆ-ತಾಯಿ ಇದನ್ನು ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ. ಹೊಟ್ಟೆಯ ಮಾತು ಬಂತಲ್ಲ, ಅನ್ನದ ಮೇಲೆಯೇ ಹುಟ್ಟಿದ ಕಾವ್ಯವೊಂದನ್ನು ನೋಡೋಣ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’.

ಲಂಕೆಯಿಂದ ಮರಳುವ ರಾಮನಿಗೆ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ಔತಣ. ಧಾನ್ಯಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿ ರಾಗಿಯನ್ನು ಹೊಗಳಿದ್ದೇ ತಡ, ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತದೆ. ದೇವರ ನೈವೇದ್ಯಕ್ಕೆ, ಮದುವೆಯ ಅಕ್ಷತೆಗೆ ಬೇಕಾದವನು ನಾನು, ನೀನು ಕೀಳು ಎಂದು ಜರೆಯುತ್ತದೆ. ಆಗ ರಾಗಿ ತಲೆ ತಗ್ಗಿಸುವುದಿಲ್ಲ. ಬಡವರನ್ನು ಕಣ್ಣೆತ್ತಿಯೂ ನೋಡದವನು, ಹೆಣದ ಬಾಯಿಗೆ ತುತ್ತಾಗುವವನು ನೀನು; ಮಳೆ ಹೋಗಿ ಬರ ಬಿದ್ದಾಗ ಜೀವ ಉಳಿಸುವವನು ನಾನು ಎನ್ನುತ್ತದೆ. ಜಗಳ ಹರಿಯದೆ ಎರಡನ್ನೂ 6 ತಿಂಗಳು ಸೆರೆಯಲ್ಲಿಡುತ್ತಾರೆ. ಹೊರಗೆ ತೆಗೆದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ.

ರಾಗಿ ಕೆಡದೆ ಉಳಿಯುವುದು ಯಾವ ರೈತನಿಗೂ ಹೊಸ ಸುದ್ದಿಯಲ್ಲ. ಆದರೆ ಕಣಜದಲ್ಲಿದ್ದ ಕಾಳಿಗೆ ಬಾಯಿ ಕೊಟ್ಟು, ರಾಮನ ಸಭೆಯಲ್ಲೇ ನಿಲ್ಲಿಸಿ, ಎದುರಾಳಿಯ ಮುಖ ನೋಡಿ ಮಾತಾಡಿಸಿದ್ದು ಕವಿ. ಯಾರ ತಟ್ಟೆಯಲ್ಲಿ ಏನಿದೆ ಎಂಬುದರ ಮೇಲೆ ಮನುಷ್ಯರನ್ನು ಅಳೆಯುವುದು ಈಗಲೂ ನಿಂತಿಲ್ಲ. ಹಾಗೆ ಅಳೆಸಿಕೊಂಡವನು ಆ ಷಟ್ಪದಿಗಳನ್ನು ಓದಿದರೆ, ಎಷ್ಟೋ ವರ್ಷ ಗಂಟಲಲ್ಲೇ ಉಳಿದ ಮಾತು ಅವನಿಗೆ ಸಿಗುತ್ತದೆ. ಅಳೆದವನಿಗೂ ಒಮ್ಮೆ ಚುರುಕ್ ಅನ್ನುತ್ತದೆ. ಸಾಹಿತ್ಯದಿಂದ ಏನು ಲಾಭ ಎಂದು ಕೇಳಿದವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಇಂಥ ಮಾತು ಜನರಿಗೆ ತಲುಪಬೇಕೆಂದು ಮೈ ಸವೆಸಿದವರೂ ನಮ್ಮ ನೆಲದಲ್ಲೇ ಇದ್ದರು. ಈ ಭಾಗ ಮುಂಬಯಿ ಆಡಳಿತದಲ್ಲಿದ್ದು ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಾಲದಲ್ಲಿ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ನಮ್ಮ ಗಳಗನಾಥರು ಕಾದಂಬರಿ ಬರೆದು ಸುಮ್ಮನೆ ಕೂಡಲಿಲ್ಲ, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದ ಕೈಯೇ ಹೊರೆಯನ್ನೂ ಹೊತ್ತಿತು. ಅದನ್ನು ನೆನೆದರೆ ನನಗೆ ಇಂದಿಗೂ ಎದೆ ತುಂಬಿ ಬರುತ್ತದೆ.

ರಾಮಧಾನ್ಯ ಚರಿತೆ ದೊಡ್ಡ ಗ್ರಂಥವೇನಲ್ಲ. ಹಳೆಯ ಪದಗಳಿವೆ ಎಂದು ಹೆದರಬೇಡಿ. ಭಾಮಿನಿ ಷಟ್ಪದಿಯದು ಮೂರು, ನಾಲ್ಕು ಮಾತ್ರೆಗಳ ನಡೆ. ಎರಡು ಸಲ ಗಟ್ಟಿಯಾಗಿ ಓದಿದರೆ ನಾಲಿಗೆಗೆ ಹತ್ತುತ್ತದೆ. ಮನೆಯಲ್ಲಿ ಒಬ್ಬರು ಭತ್ತದ ಮಾತು ಓದಲಿ, ಇನ್ನೊಬ್ಬರು ರಾಗಿಯದು. ಮರುದಿನ ಪಾತ್ರ ಬದಲಿಸಿಕೊಳ್ಳಿ. ಭತ್ತದ ಪಾಳಿ ಮಾತ್ರ ಮೊದಲು ಹಿರಿಯರಿಗೇ ಬರಲಿ.

ನಮಸ್ಕಾರ.